ಹುಲಿಗೆವ್ವ ಹೇಳಿದ ಹಾದಿ

ಹುಲಿಗೆವ್ವ ಬೆಳಗ್ಗೆ ಎದ್ದವಳೇ ಮೊದಲು ಮಾಡುತ್ತಿದ್ದ ಕೆಲಸ ಗುಡ್ಡವನ್ನು ಮೂಸಿ ನೋಡುವುದು. ಆಡಿನ ಹಟ್ಟಿಯ ಮುಂದಿನ ಚಪ್ಪಟೆ ಬಂಡೆಯ ಮೇಲೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಗು ಮೇಲೆತ್ತಿ ನಾಲ್ಕೂ ದಿಕ್ಕಿಗೆ ತಿರುಗುತ್ತಿದ್ದಳು. ಆಮೇಲೆ ತೀರ್ಪು ಬರುತ್ತಿತ್ತು.

"ಇವತ್ತ ಗವಿ ಹಾದಿ ಬ್ಯಾಡ. ಕಂಬಳಿಯವ ಇನ್ನೂ ಮನಿ ಮುಟ್ಟಿಲ್ಲ. ಹಳ್ಳದ ಗುಂಟ ಹೋಗು."

ಕಂಬಳಿಯವ ಎಂದರೆ ಕರಡಿ. ಬೆಳಗಿನ ಹೊತ್ತು ಅದರ ಹೆಸರು ಹೇಳಿದರೆ ಕರೆದಂತಾಗುತ್ತದೆ ಎಂದು ಅವಳ ನಂಬಿಕೆ. ಆ ತೀರ್ಪು ಕೇಳಿಕೊಂಡು ಗುಡ್ಡದೊಳಗೆ ಓಡುತ್ತಿದ್ದವನು ನಾನು.

ನಮ್ಮೂರು ಇರುವುದು ಆನೆಗೊಂದಿಯಿಂದ ಆಚೆಗೆ, ಗುಡ್ಡದ ಬುಡದಲ್ಲಿ. ಬಂಡೆಯ ಮೇಲೆ ಬಂಡೆ, ನಡುವೆ ಕವಳಿ, ಬಾರಿ, ಸೀತಾಫಲದ ಕುರುಚಲು ಕಾಡು. ಆಗ ನಾನು ಪೊಲೀಸ್ ನೌಕರಿಯ ಪರೀಕ್ಷೆಯ ಬೆನ್ನು ಬಿದ್ದಿದ್ದೆ. ಬರೆಯುವುದರಲ್ಲಿ ಹುಲಿ, ಓಡುವುದರಲ್ಲಿ ಮಾತ್ರ ಎರಡು ಸಲ ಮಣ್ಣು ಮುಕ್ಕಿದ್ದೆ. ಸಾವಿರದ ಆರುನೂರು ಮೀಟರ್, ಆರೂವರೆ ನಿಮಿಷ. ಮೊದಲ ಸಲ ಅರ್ಧ ನಿಮಿಷ ತಡ, ಎರಡನೇ ಸಲ ಹನ್ನೆರಡು ಸೆಕೆಂಡ್. ಇನ್ನೊಂದು ಸಲ ತಪ್ಪಿದರೆ ವಯಸ್ಸು ಮೀರಿ ಆ ಬಾಗಿಲೇ ಮುಚ್ಚುತ್ತಿತ್ತು. ಅಪ್ಪ ಇದರ ಬಗ್ಗೆ ಏನೂ ಅನ್ನುತ್ತಿರಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ಅವ್ವನೇ ಅನ್ನುತ್ತಿದ್ದಳು.

ಮೊದಲು ಡಾಂಬರ್ ರಸ್ತೆಯಲ್ಲೇ ಓಡುತ್ತಿದ್ದೆ. ಭತ್ತದ ಲಾರಿಗಳನ್ನು ಸಹಿಸಬಹುದು, ನಾಯಿಗಳನ್ನೂ ಸಹಿಸಬಹುದು. ನಮ್ಮೂರ ಮಂದಿಯ ಪ್ರೀತಿಯನ್ನು ಸಹಿಸುವುದು ಕಷ್ಟ. ಪ್ರತಿಯೊಬ್ಬನೂ ಬೈಕು ನಿಲ್ಲಿಸಿ, "ಯಾಕ ಓಡಾಕತ್ತೀಯೋ ಯಮನೂರ, ಹತ್ತು, ಬಿಟ್ಟು ಬರತೀನಿ" ಎನ್ನುತ್ತಿದ್ದ. ಬೇಡ ಎಂದರೆ ಸಿಟ್ಟು ಬೇರೆ. ಈ ಕಾಟಕ್ಕೇ ಗುಡ್ಡದ ದಾರಿ ಹಿಡಿದೆ.

ಮೊದಲ ದಿನವೇ ಹುಲಿಗೆವ್ವ ಬಂಡೆಯ ಮೇಲಿಂದ ಕೂಗಿದಳು. "ತಮ್ಮಾ, ಯಾರು ಬೆನ್ನ ಹತ್ಯಾರೋ?"

"ಯಾರೂ ಇಲ್ಲ ಬೇ."

"ಮತ್ತ ನೀ ಯಾರ ಬೆನ್ನ ಹತ್ತಿ?"

ನಿಂತು ಎಲ್ಲ ಹೇಳಿದೆ. ಅವಳು "ಪೊಲೀಸರು ಓಡತಾರೇನು? ನಾ ನೋಡಿದೋರೆಲ್ಲಾ ಜೀಪಿನ್ಯಾಗ ಕುಂತ ಬರತಾರಪ್ಪ" ಎಂದಳು. ನಗಲಿಲ್ಲ. ಅವಳಿಗೆ ಅದು ನಿಜವಾದ ಅನುಮಾನವಾಗಿತ್ತು.

ಅಂದಿನಿಂದ ನನ್ನ ಓಟ ಅವಳ ಸುಪರ್ದಿಗೆ ಹೋಯಿತು. ಹಳ್ಳದ ಹಾದಿ, ಕವಳಿ ಹಾದಿ, ಗವಿ ಹಾದಿ ಎಂದು ಅವಳ ಬಳಿ ಮೂರು ದಾರಿಗಳಿದ್ದವು. ಯಾವತ್ತು ಯಾವುದು ಎನ್ನುವುದು ಕರಡಿ ಎಲ್ಲಿ ಹುತ್ತ ಕೆದರಿದೆ, ಮುಸುವ ಕೋತಿ ಯಾವ ಕಡೆ ಕೂಗಿದೆ ಎನ್ನುವುದರ ಮೇಲೆ ನಿಂತಿತ್ತು. ನಾನು ಬರುವ ಮೊದಲೇ ಆಡು ಹೊಡೆದುಕೊಂಡು ಹೋಗುವ ದಿನ, ದಾರಿ ಕವಲೊಡೆಯುವಲ್ಲಿ ಒಂದು ಎಕ್ಕೆಯ ಟೊಂಗೆ ಇಟ್ಟು ಮೇಲೆ ಕಲ್ಲು ಹೇರಿರುತ್ತಿದ್ದಳು. ಟೊಂಗೆ ಇದ್ದ ಕಡೆ ಹೋಗಬಾರದು. ಎಕ್ಕೆಯೇ ಯಾಕೆಂದರೆ, ಆಡು ಅದಕ್ಕೆ ಬಾಯಿ ಹಾಕುವುದಿಲ್ಲ.

ನನ್ನ ಕೈಗಡಿಯಾರ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಕೈ ನೋಡಿಕೋತ ಓಡಿದ್ರ ಕಾಲಿಗೇನ ಗೊತ್ತಾಗತೈತಿ? ಏರಿನ್ಯಾಗ ಬಾಯಿ ಮುಚ್ಚು, ಇಳಿಕಿನ್ಯಾಗ ಹಾಡು" ಎನ್ನುತ್ತಿದ್ದಳು. ನಾನು ಹಾಡಿದೆ ಕೂಡ. ಒಂದೆರಡು ತಿಂಗಳಲ್ಲಿ ಉಸಿರು ಹದಕ್ಕೆ ಬಂತು. ರಸ್ತೆಯಲ್ಲಿ ಅಳೆದು ಓಡಿದರೆ ಆರೂವರೆ ನಿಮಿಷಕ್ಕೆ ಹತ್ತು ಸೆಕೆಂಡ್ ಉಳಿಯುತ್ತಿತ್ತು. ಊರಿಗೆಲ್ಲ ಪೇಢೆ ಹಂಚಿಬಿಡಲೇ ಅನ್ನಿಸುವಷ್ಟು ಹಿಗ್ಗಿದ್ದೆ.

ಪರೀಕ್ಷೆಗೆ ಹದಿನಾರು ದಿನ ಇದ್ದಾಗ, ಒಂದು ಶನಿವಾರ, ಕವಲಿನಲ್ಲಿ ಯಾವ ಟೊಂಗೆಯೂ ಇರಲಿಲ್ಲ. ಎಲ್ಲ ದಾರಿಯೂ ಖುಲ್ಲಾ ಎಂದುಕೊಂಡು ಗವಿ ಹಾದಿ ಹಿಡಿದೆ. ಎರಡನೇ ತಿರುವಿನಲ್ಲಿ ಇಪ್ಪತ್ತು ಹೆಜ್ಜೆ ಮುಂದೆ ಕಂಬಳಿಯವನೇ ಹುತ್ತದೊಳಗೆ ತಲೆ ತೂರಿಸಿ ನಿಂತಿದ್ದ. ನನ್ನ ಹಾಡು ಕೇಳಿ ತಲೆ ಹೊರಗೆ ತೆಗೆದ. ಇಬ್ಬರೂ ಹೆದರಿದೆವು. ಅವನು ಮೇಲಕ್ಕೆ ಓಡಿದ, ನಾನು ಕೆಳಕ್ಕೆ. ಆ ಹೊತ್ತು ಯಾರಾದರೂ ಗಡಿಯಾರ ಹಿಡಿದಿದ್ದರೆ ನನಗೆ ಅಲ್ಲೇ ನೌಕರಿ ಸಿಗುತ್ತಿತ್ತು. ಹಳ್ಳಕ್ಕೆ ಇಳಿಯುವಾಗ ಎಡಗಾಲು ಕಲ್ಲಿನ ಸಂದಿಗೆ ಸಿಕ್ಕು ಉಳುಕಿತು.

ಆದದ್ದು ಇಷ್ಟು. ಕವಲಿನ ಹತ್ತಿರದ ಎಕ್ಕೆಯನ್ನು ಯಾರೋ ಹನುಮಪ್ಪನ ಹಾರಕ್ಕೆಂದು ಪೂರ್ತಿ ಕಿತ್ತೊಯ್ದಿದ್ದರು. ಹುಲಿಗೆವ್ವ ಕೈಗೆ ಸಿಕ್ಕ ಬಾರಿಹಣ್ಣಿನ ಗಿಡದ ಟೊಂಗೆ ಇಟ್ಟು ಮುಂದೆ ಹೋಗಿದ್ದಳು. ಹಿಂದೆ ಉಳಿದ ಅವಳದೇ ಆಡು, ಕೆಂಚಿ, ಕಲ್ಲು ಉರುಳಿಸಿ ಅದನ್ನು ಎಲೆಯೂ ಬಿಡದಂತೆ ತಿಂದುಹಾಕಿತ್ತು.

ಸಂಜೆ ಅವಳು ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ಅವ್ವ ಹಿಡಿದುಕೊಂಡಳು. "ಗುಡ್ಡ ತಿರುಗಿಸಿ ತಿರುಗಿಸಿ ನನ್ನ ಮಗನ ಕಾಲು ತೆಗದಿಯಲ್ಲ. ಇನ್ನ ನೌಕರಿ ನೀ ಕೊಡತಿ?"

"ಹೌದ್ರೆವ್ವಾ, ತಪ್ಪ ನಂದು. ತಿಂದಿದ್ದು ಕೆಂಚಿ, ಆದ್ರ ಇಟ್ಟಾಕಿ ನಾನ ಅಲ್ಲೇನು? ಮೂವತ್ತು ವರ್ಷ ಆಡು ಕಾದು, ಆಡು ಏನ ತಿಂತೈತಿ ಅನ್ನೂದ ಮರತೆ" ಎಂದು ಹುಲಿಗೆವ್ವ ತಲೆ ತಗ್ಗಿಸಿ ನಿಂತಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ನನ್ನ ಕಾಲಿಗಿಂತ ಅದೇ ಹೆಚ್ಚು ನೋಯಿತು.

ಮರುದಿನದಿಂದ ಎರಡು ಹೊತ್ತೂ ಬಂದು ಹುಣಸೆಹಣ್ಣು, ಉಪ್ಪು ಕಲಸಿ ಬಿಸಿ ಮಾಡಿ ಪಾದಕ್ಕೆ ಮೆತ್ತಿದಳು. ಬಾವು ಇಳಿದ ಮೇಲೆ ಹಳ್ಳದ ಮರಳಿನಲ್ಲಿ ಆಡುಗಳ ಹಿಂದೆ ನಿಧಾನ ನಡೆಸಿದಳು. ಓಡುತ್ತೇನೆ ಎಂದರೆ ಕೋಲು ಅಡ್ಡ ಹಿಡಿಯುತ್ತಿದ್ದಳು. "ಓಡೂದು ನಿನಗ ಬಂದೈತಿ. ತಡಕೊಳ್ಳೂದ ಬಂದಿಲ್ಲ." ಕೆಂಚಿ ಮಾತ್ರ ಏನೂ ಆಗಿಲ್ಲವೆಂಬಂತೆ ನನ್ನ ಅಂಗಿಯ ತುದಿಯನ್ನು ಮೇಯುತ್ತಿತ್ತು.

ಪರೀಕ್ಷೆ ಕೊಪ್ಪಳದ ಮೈದಾನದಲ್ಲಿ. ನಾಲ್ಕು ಸುತ್ತು. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯದರಲ್ಲಿ ಎಡಗಾಲು ಚುರುಕ್ ಎಂದಿತು. ಮುಗಿಯಿತು ಕತೆ, ಇನ್ನು ಅಪ್ಪನ ಜೊತೆ ಗದ್ದೆಗೆ ಇಳಿಯುವುದೇ ಎಂದು ಮನಸ್ಸು ಆಗಲೇ ಸೋಲು ಬರೆದುಕೊಂಡಿತ್ತು. ಕಾಲು ನಿಧಾನವಾಯಿತು. ಆಗ ಬೇಲಿಯ ಆಚೆಯಿಂದ ಒಂದು ಕೂಗು ಕೇಳಿತು.

"ಹುರ್ರ್ರ್... ಹೋ! ಹುರ್ರ್ರ್... ಹೋ!"

ಸಂಜೆ ಹಿಂದೆ ಉಳಿದ ಆಡುಗಳನ್ನು ಹಟ್ಟಿಗೆ ಕರೆಯುವ ಕೂಗು ಅದು. ಹತ್ತು ದಿನ ಆ ಹಿಂಡಿನ ಜೊತೆ ನಡೆದಿದ್ದೆನಲ್ಲ, ನಾನು ವಿಚಾರ ಮಾಡುವ ಮೊದಲೇ ಕಾಲು ಅದಕ್ಕೆ ಓಗೊಟ್ಟಿತು. ಕೊನೆಯ ಸುತ್ತಿನಲ್ಲಿ ಇಬ್ಬರನ್ನು ಹಿಂದೆ ಹಾಕಿದೆ. ಆರು ಸೆಕೆಂಡ್ ಉಳಿದಿತ್ತು.

ಬೇಲಿಯ ಹತ್ತಿರ ಹೋದಾಗ ಕಾವಲಿಗಿದ್ದವರೊಬ್ಬರು ಅವಳನ್ನು ಗದರುತ್ತಿದ್ದರು. "ಏನಬೇ ಮುದುಕಿ, ಇಲ್ಲಿ ಯಾಕ ಒದರಾಕತ್ತಿ?"

"ನಂದೊಂದು ಆಡು ಒಳಗೈತ್ರಿ ಸಾಹೇಬ್ರ" ಎಂದಳು ಹುಲಿಗೆವ್ವ.

ಜನ್ಮದಲ್ಲಿ ಕೊಪ್ಪಳ ನೋಡದವಳು, ಆಡುಗಳನ್ನು ಪಕ್ಕದ ಹಟ್ಟಿಯವರಿಗೆ ಒಪ್ಪಿಸಿ ಮೊದಲ ಬಸ್ಸಿಗೆ ಬಂದಿದ್ದಳು. ಪಾಸೋ ಫೇಲೋ ಎಂದು ಕೇಳಲಿಲ್ಲ. ಅಲ್ಲೇ ಕೆಳಗೆ ಕುಳಿತು, ಬೇಲಿಯ ಸಂದಿಯಿಂದ ಕೈ ತೂರಿಸಿ, ನನ್ನ ಎಡಪಾದ ಒತ್ತಿ ನೋಡಿದಳು. ಪಾಸಾದೆ ಬೇ ಎಂದು ನಾನೇ ಹೇಳಿದೆ. ಅಷ್ಟು ಮಂದಿಯ ಮುಂದೆ ಇಬ್ಬರೂ ಅತ್ತೆವು.

ತರಬೇತಿ ಮುಗಿದು ಯಲಬುರ್ಗಾ ಕಡೆ ಪೋಸ್ಟಿಂಗ್ ಆಯಿತು. ಹೋಗುವ ಮುಂಚೆ ಯೂನಿಫಾರ್ಮಿನಲ್ಲೇ ಅವಳ ಹಟ್ಟಿಗೆ ಹೋದೆ. ಅವಳು ಗುಂಡಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ ಕೇಳಿದಳು.

"ಆ ಊರಾಗ ಗುಡ್ಡ ಅದಾವೇನು?"

"ನಮ್ಮಂಥವು ಇಲ್ಲ ಬೇ. ಎರಿ ಹೊಲ, ಬಯಲು."

"ಕಂಬಳಿಯವ?"

"ಅವನೂ ಇಲ್ಲ."

"ಹಂಗಾರ ಛಲೋ ಆತು ಬಿಡು. ಇನ್ನ ನಿನಗ ಹಾದಿ ಹೇಳೋರು ಬೇಕಾಗಂಗಿಲ್ಲ."

ಹೊಸ ಯೂನಿಫಾರ್ಮಿನ ಜಂಬ ನನಗೆ. "ಹೌದಲ್ಲ ಮತ್ತ, ಎಲ್ಲಾ ಸೀದಾ ರಸ್ತಾ" ಎಂದು ನಕ್ಕೆ. ಅವಳೂ ನಕ್ಕಳು. ನೀ ಬೇಕಾಗತಿ ಬೇ ಎನ್ನುವ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಆ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಹುಲಿಗೆವ್ವ ಹೋದಳು. ಬಂದೋಬಸ್ತಿನಲ್ಲಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ.

ಈಗಲೂ ಬೆಳಗ್ಗೆ ಎದ್ದು ಓಡುತ್ತೇನೆ. ಇಲ್ಲಿ ಯಾವ ಕಡೆ ಬೇಕಾದರೂ ಓಡಬಹುದು. ಇವತ್ತು ಆ ಕಡೆ ಬೇಡ ಎನ್ನುವವರು ಯಾರೂ ಇಲ್ಲ.