ಲೈನ್ ಮೇಲೆ ಮೂರು ವರ್ಷ

ಸೋಮವಾರ ಮಧ್ಯಾಹ್ನ ಮೂರೂ ಹತ್ತು. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದಿದ್ದ ಟೈಪಿಂಗ್ ಕ್ಲಾಸಿನಲ್ಲಿ ನನ್ನ ಬ್ಯಾಚು ಶುರುವಾಗಿ ಹತ್ತು ನಿಮಿಷವಾಗಿತ್ತು. ಎಲ್ಲ ಕೆಟ್ಟದ್ದು ಘಾಟಿನಲ್ಲಿ ಎಂದು ಈ ಕಥೆ ಕೇಳಿದವರು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಕೆಡಲು ಶುರುವಾದದ್ದು ಆ ಮೂರೂ ಹತ್ತಕ್ಕೆ. ಬಿಳಿ ಹಾಳೆಯೊಂದನ್ನು ಮಷೀನಿಗೆ ಸಿಕ್ಕಿಸಿ, ಈ ಮನುಷ್ಯ ನಮ್ಮಲ್ಲಿ ಮೂರು ವರ್ಷ ಲಾರಿ ಓಡಿಸಿದ್ದಾನೆ, ತುಂಬಿದ ಗಾಡಿಯನ್ನು ಘಾಟಿನ ರಸ್ತೆಗಳಲ್ಲಿ ನಡೆಸಿ ನುರಿತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೊಡೆದೆ. ಕೆಳಗೆ ಸೊಲ್ಲಾಪುರದ, ಎಲ್ಲೂ ಇಲ್ಲದ ಟ್ರಾನ್ಸ್‌ಪೋರ್ಟೊಂದರ ಹೆಸರು ಹಾಕಿ, ನನ್ನ ಅಕ್ಷರ ಅನಿಸದಂತೆ ಎಡಗೈಯಲ್ಲಿ ಸಹಿ ಮಾಡಿದೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಬಿ.ಎ. ಮುಗಿಸಿ ಕೆಲಸವಿಲ್ಲದೆ ನಾನು ಸದಲಗಾದ ನಮ್ಮ ಮನೆಯಲ್ಲಿದ್ದೆ. ಆ ಪತ್ರ ಬೇಕಾಗಿದ್ದದ್ದು ನಮ್ಮ ಓಣಿಯ ಗೆಳೆಯನಿಗೆ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಹಂಗಾಮು ಮುಗಿದರೆ ಖಾಲಿ. ಮದುವೆಯಾಗಿ ಒಂದು ಕೂಸಿತ್ತು. ಡ್ರೈವಿಂಗ್ ಸ್ಕೂಲಿನ ಖಾಲಿ ಲಾರಿಯಲ್ಲಿ ಕಲಿತು ಹೆವಿ ಲೈಸೆನ್ಸ್ ಮಾಡಿಸಿದ್ದ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಜೇಬಿನಲ್ಲಿಟ್ಟುಕೊಂಡು ರಾಯಬಾಗ, ಹಾರೂಗೇರಿ, ಅಥಣಿ, ಕಾಗವಾಡ ಎಲ್ಲ ತಿರುಗಿದ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಲೈನ್ ಮೇಲೆ ಎಷ್ಟು ವರ್ಷ? ಲೈನ್ ಎಂದರೆ ಮುಂಬಯಿ, ಮದ್ರಾಸಿನಂಥ ದೂರದ ದಾರಿ.

ಅಥಣಿಗೆ ನಾನೂ ಜೊತೆಯಲ್ಲಿ ಹೋಗಿದ್ದೆ. ಅಲ್ಲಿನ ಲಾರಿ ಮಾಲಕ ಅವನ ಲೈಸೆನ್ಸನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ಮೊದಲ ಏನ ಹೊಡೀತಿದ್ದಿ?"

"ಕಬ್ಬಿನ ಟ್ರ್ಯಾಕ್ಟರ್ ರಿ."

ಮಾಲಕ ಬೆಂಚಿನ ಮೇಲೆ ಕೂತಿದ್ದ ಡ್ರೈವರುಗಳ ಕಡೆ ತಿರುಗಿದ. "ಕೇಳಿದ್ರೇನ್ರೋ? ಇಂವಾ ಲೈನಿಗೆ ಹೋದ್ರ ಮುಂಬೈತನಕಾ ಸಾಲ್ಯಾಗಿನ ಹುಡುಗೂರೆಲ್ಲಾ ಹಿಂದ ಓಡ್ತಾವು, ಕಬ್ಬ ಹಿರಿಯಾಕ!"

ಎಲ್ಲರೂ ನಕ್ಕರು. ಗೆಳೆಯನೂ ನಕ್ಕ. ಕಾಗವಾಡದಲ್ಲಿ ಒಬ್ಬರು ತಲೆಯೆತ್ತದೆ ಮರಾಠಿಯಲ್ಲಿ, ಅನುಭವ ತಗೊಂಡು ಬಾ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಸಿಟ್ಟಿನಿಂದ ಕೇಳಿದ: "ಅನುಭವ ಎಲ್ಲಿ ಸಿಗತೈತಿ ಲೇ? ಸಂತ್ಯಾಗ ಮಾರಾಕ ಇಡ್ತಾರೇನು? ಗಾಡಿ ಕೊಟ್ರ ಅನುಭವ. ಅನುಭವ ಇದ್ರ ಗಾಡಿ. ನಿನಗ ಇಂಗ್ಲಿಷ್ ಬರತೈತಲ್ಲ, ಒಂದ ಕಾಗದಾ ಬರದ ಕೊಡು."

ಎರಡು ಸಲ ಒಲ್ಲೆ ಅಂದೆ. ಮೂರನೆಯ ಸಲ ಅವನು ಕೇಳಲೇ ಇಲ್ಲ. ನಮ್ಮ ಕಟ್ಟೆಯ ಮೇಲೆ ಬಂದು ಸುಮ್ಮನೆ ಕೂತ. ಹಾಗೆ ಕೂತವನನ್ನು ದಿನಾ ನೋಡುವುದು ನನ್ನಿಂದಾಗಲಿಲ್ಲ.

ಬುಧವಾರ ಇಬ್ಬರೂ ನಿಪ್ಪಾಣಿಗೆ ಹೋದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಾನು ಅವನ ಪಕ್ಕದಲ್ಲಿ ನಿಂತೆ. ಅಲ್ಲಿನ ಮಾಲಕ ವಯಸ್ಸಾದವರು. ಆಫೀಸಿನ ಗೋಡೆಗಳಿಗೂ ತಂಬಾಕಿನ ಘಾಟು ಹಿಡಿದಿತ್ತು. ಪತ್ರ ಬಿಚ್ಚಿ ನೋಡಿ, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು.

"ತಾವ್ಯಾರ್ರಿ?"

"ಇವನ ಗೆಳ್ಯಾರಿ. ಬಿ.ಎ. ಆಗೇತ್ರಿ."

"ಗಾಡಿ ಚಲೋ ಹೊಡೀತಾನೇನು?"

"ಹೊಡೀತಾನ್ರಿ."

ಪತ್ರ ಫೈಲಿಗೆ ಸೇರಿತು. "ನಾಳೆ ಸಂಕೇಶ್ವರದಾಗ ಬೆಲ್ಲಾ ತುಂಬತಾರ. ಇಲ್ಲೀತನಕಾ ತರ್ಲಿ, ನೋಡೂಣು. ಸರಿ ಹೋತಂದ್ರ ಇಲ್ಲಿಂದ ಹಂಗ ಮುಂಬೈಕ. ನೀವೂ ಕೂಡ್ರಿ ಗಾಡ್ಯಾಗ."

ಸದಲಗಾದಿಂದ ಅಥಣಿಯವರೆಗೆ ನಮ್ಮ ನೆಲ ತಾಟಿನಂತೆ ಸಪಾಟು. ಇಳಿಜಾರೆಂದರೆ ಹೊಳೆಗೆ ಇಳಿಯುವ ದಾರಿಯಷ್ಟೇ ಅವನಿಗೆ ಗೊತ್ತಿತ್ತು. ಗುರುವಾರ ಬೆಳಿಗ್ಗೆ ನಿಪ್ಪಾಣಿಯ ಈಚೆಗಿನ ಘಾಟಿನ ತಲೆಗೆ ಬಂದಾಗ ಗಾಡಿ ಟಾಪ್ ಗೇರಿನಲ್ಲೇ ಇತ್ತು. ಏರುವ ಗೇರಿನಲ್ಲೇ ಇಳಿಯಬೇಕು ಎಂಬ ವಾಕ್ಯವನ್ನು ಲೈಸೆನ್ಸಿನ ಪರೀಕ್ಷೆಗಾಗಿ ಅವನಿಗೆ ಬಾಯಿಪಾಠ ಮಾಡಿಸಿದವನು ನಾನೇ. ಅವನಿಗೆ ಅದು ನೆನಪಾದದ್ದು ಅರ್ಧ ಇಳಿದ ಮೇಲೆ. ಕ್ಲಚ್ ಒತ್ತಿ ಗೇರು ತೆಗೆದ. ಕೆಳಗಿನ ಗೇರು ಬೀಳಲಿಲ್ಲ. ಖಾಲಿ ಲಾರಿಯಲ್ಲಿ ಪ್ರತಿ ಸಲ ಬೀಳುತ್ತಿದ್ದ ಗೇರು, ಹಿಂದಿನಿಂದ ಬೆಲ್ಲದ ಭಾರ ದೂಡುವಾಗ ಕರಕರ ಹಲ್ಲು ಕಡಿದು ಹೊರಗೇ ಉಳಿಯಿತು. ಟಾಪಿಗೂ ವಾಪಸು ಹೋಗಲಿಲ್ಲ. ಲಿವರು ಅವನ ಕೈಯಲ್ಲಿ ಸಡಿಲವಾಗಿ ಅಲ್ಲಾಡುತ್ತಿತ್ತು.

"ಬೀಳವಲ್ದು ಲೇ! ಬೀಳವಲ್ದು!"

"ಹಾಕು, ಹಾಕು," ಎಂದು ನಾನು ಕೂಗುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ನನಗೇನೂ ಗೊತ್ತಿರಲಿಲ್ಲ. ಬ್ರೇಕು ಮೊದಲು ಹಿಡಿಯಿತು, ಆಮೇಲೆ ಸುಟ್ಟ ವಾಸನೆ ಬಂತು, ಆಮೇಲೆ ಹಿಡಿಯಲಿಲ್ಲ.

ತಿರುವಿನಾಚೆ ರಸ್ತೆ ರಿಪೇರಿ ನಡೆದಿತ್ತು. ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ರಸ್ತೆ ದಾಟುತ್ತಿದ್ದರು. ಹಾರ್ನಿಗೆ ಬುಟ್ಟಿ ಬಿಸಾಕಿ ಓಡಿದರು. ಗೆಳೆಯ ಸ್ಟೇರಿಂಗನ್ನು ಗುಡ್ಡದ ಬದಿಗೆ ಎಳೆದ. ರಸ್ತೆಯಂಚಿಗೆ ಸುರಿದಿದ್ದ ಖಡಿಗಲ್ಲಿನ ರಾಶಿಯೊಳಗೆ ಲಾರಿ ಹೂತು ನಿಂತಿತು. ನನ್ನ ಹಣೆ ಒಡೆದಿತ್ತು. ಅವನಿಗೆ ಏನೂ ಆಗಿರಲಿಲ್ಲ.

"ಕಣ್ಣಾಗ ಮಣ್ಣ ಬಿದ್ದಿತ್ತೇನೋ ಹಾಟ್ಯಾ!" ಎಂದು ಒಬ್ಬಳು ಸಲಿಕೆ ಎತ್ತಿಕೊಂಡೇ ಬಂದಳು. ಅವಳ ಹಿಂದೆ ಒಬ್ಬ ಮುದುಕಿ ಬಯ್ಯದೆ ಮುಂದಿನ ಗಾಲಿಯನ್ನೇ ನೋಡುತ್ತಿದ್ದಳು. ಗಾಲಿಯ ಕೆಳಗೆ ಅರಿವೆಯ ಗಂಟೊಂದರ ಅಂಚು ಕಾಣುತ್ತಿತ್ತು; ರೊಟ್ಟಿ ಪುಡಿಯಾಗಿ, ಕೆಂಪು ಚಟ್ನಿ ಟೈರಿಗೆ ಮೆತ್ತಿತ್ತು.

"ಅಲ್ಲೇ ಕುಂತಿದ್ನೋ ಯಪ್ಪಾ," ಎಂದಳು. "ನೀರ ಕುಡಿಯಾಕಂತ ಈಗಷ್ಟ ಎದ್ನಿ."

ನಾನು ಇವತ್ತಿಗೂ ಮನಸ್ಸಿನಲ್ಲಿ ಮತ್ತೆ ಮತ್ತೆ ನೋಡುವುದು ಅದನ್ನೇ. ಕೆಲವು ಸಲ ಅವಳಿಗೆ ನೀರಡಿಕೆಯಾಗುವುದಿಲ್ಲ.

ಮಾಲಕರು ಜೀಪಿನಲ್ಲಿ ಬಂದರು. "ಬ್ರೇಕ್ ಫೇಲ್ ರಿ," ಎಂದ ಗೆಳೆಯ. ಅವರು ನನ್ನ ಮುಖ ನೋಡಿದರು. "ಹೌದ್ರಿ," ಎಂದೆ.

"ಖಡಿಗೆ ಏರಿಸ್ಯಾನ, ಶಾಣ್ಯಾ ಅದಾನ," ಎಂದರು ಅವರು. "ಹೊಸಬಾ ಆಗಿದ್ರ ಕಂದಕಕ್ಕ ಕೆಡವತಿದ್ದ." ಗಾಡಿ ರಿಪೇರಿಯಾದ ಮೇಲೆ, ಬರುವ ಸೋಮವಾರ ಅವನೇ ಮುಂಬಯಿಗೆ ಒಯ್ಯಬೇಕೆಂದು ಅಲ್ಲೇ ಮಾತಾಯಿತು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಅಂಗೈಯಲ್ಲಿ ಸಡಿಲ ಲಿವರು. ಮುಂಬಯಿಯ ದಾರಿಯಲ್ಲಿ ಇದಕ್ಕಿಂತ ದೊಡ್ಡ ಘಾಟುಗಳಿವೆ ಎಂದು ನನಗೆ ಗೊತ್ತಿತ್ತು. ಶನಿವಾರ ಅವನನ್ನು ಹೊಳೆಯ ದಂಡೆಗೆ ಕರೆದೊಯ್ದು, ನಿಜ ಹೇಳಿಬಿಡೋಣ ಎಂದೆ.

"ಏನಂತ ಹೇಳ್ತಿ? ಒಮ್ಮೆ ಆತು, ಕಲತ್ನಿ."

"ಇಳಿಯೂವಾಗ ಗೇರ ಹಾಕಾಕ ಬರತೈತೇನು ಈಗ?"

ಅವನು ನೀರಿಗೆ ಹರಳೊಂದನ್ನು ಎಸೆದ. "ದಾರ್ಯಾಗ ಬರತೈತಿ ಬಿಡು," ಎಂದ.

ಭಾನುವಾರ ಅವನಿಗೆ ಹೇಳದೆ ನಿಪ್ಪಾಣಿಯ ಬಸ್ಸು ಹತ್ತಿದೆ. ಮಾಲಕರೆದುರು ನಿಂತು, ಪತ್ರ ಸುಳ್ಳು, ನಾನೇ ಟೈಪು ಮಾಡಿದ್ದು, ಅವನು ಎಂದೂ ಲೈನಿಗೆ ಹೋದವನಲ್ಲ ಎಂದೆ. ಅವರು ಫೈಲಿನಿಂದ ಪತ್ರ ತೆಗೆದು ನನ್ನ ಮುಂದಿಟ್ಟರು.

"ಇಂಗ್ಲಿಷ್ ನನಗೆಲ್ಲಿ ಓದಾಕ ಬರತೈತ್ರಿ? ಇಂಥಾವು ದಿನಾ ಬರ್ತಾವು. ನೀವು ಬಂದ ನಿಂತ್ರಲ್ಲ, ಕಲತ ಮನಷ್ಯಾ ಸುಳ್ಳ ಯಾಕ ಹೇಳ್ತಾನ ಅಂತ ಗಾಡಿ ಕೊಟ್ನಿ."

ಪತ್ರ ಹರಿದುಹಾಕಿದರೆ ಮುಗಿಯುತ್ತದೆ ಎಂದುಕೊಂಡು ಹೋಗಿದ್ದೆ. ಅವರು ಆ ಹಾಳೆಯನ್ನು ನಂಬಿರಲೇ ಇಲ್ಲ.

ಗೆಳೆಯನ ಕೆಲಸ ಹೋಯಿತು. ಅಂದು ಸಂಜೆ ಓಣಿಯ ಜನರೆದುರೇ ಅವನು ಕೇಳಿದ: "ಪೆನ್ನ ನಿನ್ನ ಕೈಯಾಗ ಐತೆಲೇ. ಕೊಡಾಂವನೂ ನೀನ, ಕಸಗೊಳ್ಳಾಂವನೂ ನೀನ. ನಾ ಏನಂತ ಮನಿಗೆ ಹೋಗ್ಲಿ?" ಅದು ಅವನು ನನ್ನ ಜೊತೆ ಆಡಿದ ಕೊನೆಯ ಮಾತು. ಅವನ ಹೆಂಡತಿ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗತೊಡಗಿದಳು. ಸ್ವಲ್ಪ ದಿನಕ್ಕೆ ಅವನೂ ಊರಲ್ಲಿ ಕಾಣದಾದ.

ನಿಜ ಹೇಳಿದ ಮೇಲೆ ನಿದ್ದೆ ಬರುತ್ತದೆಂದುಕೊಂಡಿದ್ದೆ. ಬರಲಿಲ್ಲ. ಟೈಪಿಂಗ್ ಬಲ್ಲವರು ಚಿಕ್ಕೋಡಿಯಲ್ಲಿ ನಾನೊಬ್ಬನೇ ಅಲ್ಲ. ಇನ್ನೊಬ್ಬ ಅವನಿಗೆ ಐದು ವರ್ಷದ ಅನುಭವ ಬರೆದುಕೊಟ್ಟಿರಬಹುದು. ಯಾವುದೋ ಘಾಟಿನ ತಲೆಯಲ್ಲಿ ಅವನು ಈಗ ಟಾಪ್ ಗೇರಿನಲ್ಲಿರಬಹುದು. ಮಳೆಗಾಲ ಹೋಯಿತು, ಕಬ್ಬಿನ ಹಂಗಾಮು ಬಂದು ಹೋಯಿತು. ರಾಯಬಾಗದ ಶಾಲೆಯೊಂದರಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಮಕ್ಕಳಿಗೆ ಪಾಠ ಓದಿಸುತ್ತ ನಿಂತಲ್ಲೇ ಕಣ್ಣೆಳೆಯುತ್ತಿತ್ತು, ಹಾಸಿಗೆಯಲ್ಲಿ ಮಾತ್ರ ಇಲ್ಲ.

ದ್ರಾಕ್ಷಿಯ ಸುಗ್ಗಿಯ ದಿನಗಳಲ್ಲಿ ಒಂದು ಭಾನುವಾರ ಅವನ ಹೆಂಡತಿ ಮಜ್ಜಿಗೆಗೆಂದು ಬಂದವಳು ಪಡಸಾಲೆಯಲ್ಲಿ ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದಳು. ನಾನು ಒಳಗಿದ್ದೆ.

"ನಮ್ಮನಿಯವ್ರು ಅಥಣಿ ಕಡೆ ದ್ರಾಕ್ಷಿ ಹೇರೂ ಒಬ್ಬ ಮುದುಕ ಡ್ರೈವರನ ಕೈಕೆಳಗ ಅದಾರ್ರಿ ಈಗ. ಸಪಾಟ ರೋಡಿನ್ಯಾಗಷ್ಟ ಗಾಡಿ ಕೊಡ್ತಾನಂತ. ಘಾಟ ಬಂತಂದ್ರ, ಇಳಿ ಕೆಳಗ, ಅಂತಾನಂತ. ಇವರು ಹಿಂದಿಂದ ನಡಕೋಂತ ಇಳೀಬೇಕಂತ್ರಿ, ಗಾಡಿ ಯಾವ ಗೇರಿನ್ಯಾಗ ಒದರತೈತಿ ಅಂತ ಕೇಳಕೋಂತ. ತಳಕ್ಕ ಹೋಗಿ ತಪ್ಪ ಹೇಳಿದ್ರ ಚಾ ಸೈತ ಇಲ್ಲಂತ. ಒಂದ ಕೂಸಿನ ತಂದಿನ್ನ ಹಿಂಗ ನಡಸಬೇಕೇನ್ರಿ ಎಕ್ಕಾ? ಇನ್ನೂ ವರ್ಷಗಟ್ಟಲೆ ನಡಸ್ತಾನಂತ."

ಅವ್ವ ಲೊಚಗುಟ್ಟಿದಳು. ನಾನು ಗೋಡೆಗೆ ಆನಿಕೊಂಡು ಕೂತೆ. ಘಾಟಿನಲ್ಲಿ ಅವನು ಗಾಡಿ ಓಡಿಸುತ್ತಿರಲಿಲ್ಲ, ನಡೆಯುತ್ತಿದ್ದ.

ಅಂದು ಉಂಡು ಮಲಗಿದವನಿಗೆ ಎಚ್ಚರವಾದದ್ದು ಸೋಮವಾರ ಬಿಸಿಲು ಅಂಗಳಕ್ಕೆ ಇಳಿದ ಮೇಲೆ. ರಾಯಬಾಗದ ಬಸ್ಸು ಹೋಗಿಬಿಟ್ಟಿತ್ತು. ಜ್ವರ ಬಂದಿದೆಯೇನೋ ಎಂದು ಅವ್ವ ಎರಡು ಸಲ ಹಣೆ ಮುಟ್ಟಿ ನೋಡಿದ್ದಳಂತೆ.