ಸ್ಯಾಕ್ಸೋಫೋನಿಗೊಂದು ಬಿದಿರು ಬುಟ್ಟಿ

ವಾದ್ಯ ಮಾಡುವವರ ಮೇಲೆ ನನಗೆ ಎಷ್ಟು ಗೌರವವೋ, ವಾದ್ಯದ ಪೆಟ್ಟಿಗೆ ಮಾಡುವವರ ಮೇಲೆ ಅಷ್ಟೇ ಸಿಟ್ಟು. ನಾನು ಡೋಲು ಬಾರಿಸುವವನು. ಡೋಲಿಗೆ ಒಂದು ದಪ್ಪ ಬಟ್ಟೆಯ ಗವಸಿದ್ದರೆ ಸಾಕು, ಮಳೆಗೆ ಸಿಗದಂತೆ ನೋಡಿಕೊಂಡರೆ ಅದು ನನಗಿಂತ ಹೆಚ್ಚು ಕಾಲ ಬಾಳುತ್ತದೆ. ಹಾಗಾಗಿ ಈ ಸಿಟ್ಟು ನನ್ನ ವಾದ್ಯದಿಂದ ಬಂದದ್ದಲ್ಲ, ನನ್ನ ಅಕ್ಕನ ಗಂಡನ ಸ್ಯಾಕ್ಸೋಫೋನಿನಿಂದ ಬಂದದ್ದು.

ಭಾವ ಮೊದಲು ನಾಗಸ್ವರದವರು. ಹುಲ್ಲಹಳ್ಳಿಯ ಸುತ್ತಮುತ್ತ ಮದುವೆ ಎಂದರೆ ಅವರ ನಾಗಸ್ವರ, ನನ್ನ ಡೋಲು. ಅಕ್ಕ ಹಳೆಯ ಸೀರೆಯಲ್ಲಿ ಹೊಲಿದುಕೊಟ್ಟ ಉದ್ದನೆಯ ಚೀಲದಲ್ಲಿ ನಾಗಸ್ವರ ಹೋಗುತ್ತಿತ್ತು, ಬರುತ್ತಿತ್ತು, ಒಂದು ದಿನವೂ ತಂಟೆ ಮಾಡಲಿಲ್ಲ. ತೊಂಬತ್ತರ ದಶಕದ ನಡುವೆ ಭಾವನಿಗೆ ಹರ್ನಿಯಾ ಆಪರೇಷನ್ ಆಯಿತು. ಇನ್ನು ನಾಗಸ್ವರ ಊದಿದರೆ ಹೊಲಿಗೆ ಬಿಚ್ಚುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಹಗುರವಾಗಿ ಊದುವಂಥದು ಏನಾದರೂ ಇದ್ದರೆ ನೋಡಿ ಎಂದರು. ಮೂರು ತಿಂಗಳು ಭಾವ ಮನೆಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಮೈಸೂರಿಗೆ ಹೋಗಿ, ಇದ್ದ ತುಂಡು ಗದ್ದೆ ಮಾರಿದ ದುಡ್ಡಿನಲ್ಲಿ, ಸ್ಯಾಕ್ಸೋಫೋನ್ ತಂದರು.

ಆ ವಯಸ್ಸಿನಲ್ಲಿ ಅವರು ಅದನ್ನು ಕಲಿತ ರೀತಿಯನ್ನು ನಾನು ಇವತ್ತಿಗೂ ಕೈಮುಗಿದು ನೆನೆಯುತ್ತೇನೆ. ನಲವತ್ತೈದು ದಾಟಿದ ವಿದ್ವಾಂಸ ಮತ್ತೆ ಸರಳೆ ವರಸೆಯಿಂದ ಶುರು ಮಾಡಿದರು. ಓಣಿಯ ಮಕ್ಕಳು ನಗುತ್ತಿದ್ದರೆ ತಾವೂ ನಗುತ್ತಿದ್ದರು. ವರ್ಷ ತುಂಬುವುದರೊಳಗೆ ಮದುವೆ ಮನೆಯವರು "ನಾಗಸ್ವರ ಬ್ಯಾಡ, ಸ್ಯಾಕ್ಸೋಫೋನೇ ಇರ್ಲಿ" ಎಂದು ಕೇಳಿ ಕರೆಸುವಂತಾಯಿತು.

ಸ್ಯಾಕ್ಸೋಫೋನಿನ ಜೊತೆಗೆ ಒಂದು ಪೆಟ್ಟಿಗೆಯೂ ಬಂದಿತ್ತು. ಹೊರಗೆ ಕಪ್ಪು ರೆಕ್ಸಿನ್, ಒಳಗೆ ಕೆಂಪು ಮಖಮಲ್ಲು, ಹಿತ್ತಾಳೆ ಬಣ್ಣದ ಎರಡು ಚಿಲಕ. ಆ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದರೆ ಜನ ಎದ್ದು ಜಾಗ ಕೊಡುತ್ತಿದ್ದರು. ಮೇಲೆ ತಳುಕು, ಒಳಗೆ ಹುಳುಕು. ರೆಕ್ಸಿನ್ನಿನ ಕೆಳಗೆ ಇದ್ದದ್ದು ಟೀ ಪುಡಿ ಬರುವ ಪೆಟ್ಟಿಗೆಯ ಪ್ಲೈವುಡ್ಡಿಗಿಂತ ತೆಳುವಾದ ಹಲಗೆ. ಹಿಡಿಕೆಯ ಸ್ಕ್ರೂ ಒಳಕ್ಕೆ ಮೂತಿ ಚಾಚಿ ವಾದ್ಯದ ಮೈಯನ್ನೇ ಗೀಚಿತ್ತು. ಎರಡನೇ ವರ್ಷದ ವೈಶಾಖದಲ್ಲಿ, ಹುಲ್ಲಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಭಾವ ಇಳಿಯುವಾಗ ಒಂದು ಚಿಲಕ ತಾನಾಗಿ ಬಿಚ್ಚಿಕೊಂಡು, ಮುಚ್ಚಳ ಬಾಯಿಬಿಟ್ಟು, ಸ್ಯಾಕ್ಸೋಫೋನ್ ಚರಂಡಿಯ ಕಲ್ಲಿನ ಮೇಲೆ ಬಿತ್ತು.

ಕೆಳಗಿನ ಸ್ವರಗಳು ಸತ್ತೇ ಹೋದವು. ಮೈಸೂರಿನ ರಿಪೇರಿಯವರು ಮದುವೆಯ ತಿಂಗಳು ಪೂರ್ತಿ ಅದನ್ನು ಇಟ್ಟುಕೊಂಡು, ತಟ್ಟಿ ತಟ್ಟಿ ನೇರ ಮಾಡಿ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು: "ತಟ್ಟಿದ ಕಡೆ ತಗಡು ತೆಳ್ಳಗಾಗಿದೆ. ಇನ್ನೊಂದು ಸಲ ಬಿದ್ದರೆ ಸೀಳುತ್ತೆ. ಆಗ ನನ್ನ ಹತ್ತಿರ ತರಬೇಡಿ." ನಾಗಸ್ವರ ಕೈತಪ್ಪಿತ್ತು, ಮಾರಲು ಇನ್ನೊಂದು ಗದ್ದೆಯೂ ಇರಲಿಲ್ಲ. ಈ ವಾದ್ಯ ಇನ್ನೊಮ್ಮೆ ಬಿದ್ದರೆ ಭಾವನ ಸಂಗೀತ ಅಲ್ಲಿಗೆ ಮುಗಿಯಿತು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಇನ್ನೊಂದು ಪೆಟ್ಟಿಗೆ ತಂದೆವು. ಅಂಗಡಿಯವನು ಅದರ ಮೇಲೆ ಹತ್ತಿ ನಿಂತು ತೋರಿಸಿದ್ದ. ನಿಂತರೆ ತಡೆಯಿತು, ನಿಜ. ಆದರೆ ಒಳಗಿನ ಸ್ಪಂಜು ಒಂದೇ ಬೇಸಿಗೆಗೆ ಕರಗಿ ಕರಿ ಪುಡಿಯಾಗಿ ಕೀಲಿಗಳ ಸಂದಿಗೆ ಇಳಿಯಿತು. ಅದನ್ನು ಭಾವ ಹಕ್ಕಿಯ ಪುಕ್ಕದಿಂದ ಎರಡು ದಿನ ಕೂತು ತೆಗೆದರು. ನಾನು ಪೆಟ್ಟಿಗೆ ಮಾಡಿದವನ ವಂಶವನ್ನೆಲ್ಲ ಜಾಲಾಡಿದೆ. ಭಾವ ಮಾತ್ರ "ಬಯ್ದ್ರೆ ಪುಡಿ ಬತ್ತದಾ? ದೀಪ ಇತ್ಲಾಗೆ ಇಡ್ಕೊ" ಎಂದರು.

ದಾರಿ ಕಂಡುಹಿಡಿದವಳು ಅಕ್ಕ. ನಂಜನಗೂಡಿನಲ್ಲಿ ರೈಲ್ವೆ ಗೇಟಿನ ಆಚೆ ಬಿದಿರು ಹೆಣೆಯುವ ಒಬ್ಬ ಮುದುಕಿ ಇದ್ದಳು. ಅಕ್ಕ ತನ್ನ ರೇಷ್ಮೆ ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತರುತ್ತಿದ್ದುದು ಅವಳ ಹತ್ತಿರವೇ. "ವಾದ್ಯಕ್ಕೆ ಬುಟ್ಟಿಯಾ?" ಎಂದು ನಾನು ನಕ್ಕೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ ಭಾವನನ್ನು ಹೊರಡಿಸಿದಳು, ನಾನು ಹಿಂದೆ ಹೋದೆ.

ಮುದುಕಿ ಅಳತೆ ಕೇಳಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ವಾದ್ಯವನ್ನೇ ಕೇಳಿ ತೊಡೆಯ ಮೇಲೆ ಮಲಗಿಸಿಕೊಂಡಳು. ಜೀವಮಾನದಲ್ಲಿ ಅಂಥದೊಂದನ್ನು ಮುಟ್ಟಿದವಳಲ್ಲ. ಕೊಂಚ ಹೊತ್ತು ನೋಡಿ, ಭಾವನನ್ನು ಕೇಳಿದಳು.

"ಇದ್ಕೆ ಎಲ್ಲೆಲ್ಲಿ ನೋಯ್ತದೆ ಸಾಮಿ?"

ಭಾವ ಬೆರಗಾಗಿ ಅವಳನ್ನೇ ನೋಡಿದರು. ಆಮೇಲೆ ಪಕ್ಕದಲ್ಲಿ ಕೂತು ತೋರಿಸತೊಡಗಿದರು. ಈ ಕತ್ತು, ಅದುಮಿದರೆ ಬಾಗುತ್ತದೆ. ಈ ಸಣ್ಣ ಸರಳುಗಳು, ಕೂದಲೆಳೆಯಷ್ಟು ಜರುಗಿದರೂ ಸ್ವರ ಹೋಗುತ್ತದೆ. ಇಲ್ಲಿ ತಟ್ಟಿದ್ದಾರೆ, ಇಲ್ಲಿ ಏನೂ ತಾಗಬಾರದು. ಅವಳು ಒಂದೊಂದು ಜಾಗಕ್ಕೂ ಬೆರಳಿಟ್ಟು ಹೂಂಗುಟ್ಟಿದಳು. ಕೊನೆಗೆ ಊದುವ ತುದಿಯಲ್ಲಿ ಕಟ್ಟಿದ್ದ ತೆಳ್ಳನೆಯ ಸೀಳನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು. ಇಡೀ ಹಿತ್ತಾಳೆಯ ವಾದ್ಯದಲ್ಲಿ ಜೊಂಡಿನಿಂದ ಮಾಡಿದ್ದು ಅದೊಂದೇ.

"ಇದ ಸೀಳಿರೋನು ಕಸುಬು ಬಲ್ಲೋನು" ಎಂದಳು. ನಾವು ತಂದಿದ್ದ ಎರಡನೇ ಪೆಟ್ಟಿಗೆಯನ್ನು ತೆರೆದು ಒಳಗೆ ಉಳಿದಿದ್ದ ಸ್ಪಂಜು ಸವರಿ, ಮುಚ್ಚಿ, ಪಕ್ಕಕ್ಕಿಟ್ಟಳು. "ಇದ ಮಾಡ್ದೋನು ವಾದ್ಯಾನ ಕಣ್ಣಲ್ಲೂ ನೋಡಿಲ್ಲ."

ನಾನು ವರ್ಷಗಟ್ಟಲೆ ಬೈದು ಹೇಳಲಾಗದ್ದನ್ನು ಅವಳು ಒಂದು ಮಾತಿನಲ್ಲಿ ಹೇಳಿದ್ದಳು. ಅಷ್ಟು ಬೆಲೆಬಾಳುವ ವಾದ್ಯಕ್ಕೆ ಪೆಟ್ಟಿಗೆ ಮಾಡಿದ ಯಾವ ಕಂಪನಿಯವನೂ ಅದಕ್ಕೆ ಎಲ್ಲಿ ನೋಯುತ್ತದೆ ಎಂದು ಕೇಳಿದವನಲ್ಲ.

ಎರಡು ವಾರಕ್ಕೆ ಬುಟ್ಟಿ ಆಯಿತು. ಉದ್ದನೆಯದು, ಒಂದು ಕಡೆ ಅಗಲ, ಒಂದು ಕಡೆ ಸಪೂರ, ಬಿದಿರಿನದೇ ಮುಚ್ಚಳ. ಚಿಲಕ ಇಲ್ಲ, ಮೂರು ಕಡೆ ನೂಲಿನ ಲಾಡಿ. ಒಳಗೆ ಅಕ್ಕ ಹಳೆಯ ಸೀರೆಯಲ್ಲಿ ಬೂರುಗದ ಹತ್ತಿ ತುಂಬಿ ಹೊಲಿದ ಮೆತ್ತೆ ಇಟ್ಟಳು. ವಾದ್ಯವನ್ನು ಮಲಗಿಸಿ ಅಲುಗಾಡಿಸಿದರೆ ಸದ್ದೇ ಇಲ್ಲ. ಭಾವ ಅದನ್ನು ಎತ್ತಿ ಹಿಡಿದು, ಇಳಿಸಿ, ಮತ್ತೆ ಎತ್ತಿ ನೋಡಿದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡದ್ದು ಕಡಿಮೆ.

ನನಗೆ ಮಾತ್ರ ನಾಚಿಕೆ. ಕಲ್ಯಾಣ ಮಂಟಪಗಳಲ್ಲಿ ಬೇರೆ ಮೇಳದವರು ಥಳಥಳ ಪೆಟ್ಟಿಗೆ ತೆರೆಯುವಾಗ ನಾವು ಬುಟ್ಟಿ ಬಿಚ್ಚುತ್ತಿದ್ದೆವು. "ಏನಣ್ಣ, ಕೋಳೀನ ಬಿಸಿಲಿಗೆ ಬುಟ್ರಾ?" ಎಂದು ಒಬ್ಬ ಕೇಳಿದರೆ ಉಳಿದವರು ನಗುತ್ತಿದ್ದರು. ಭಾವ ಕೇಳಿಸದವರಂತೆ ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು. ನುಡಿಸಲು ಶುರು ಮಾಡಿದ ಮೇಲೆ ಯಾರೂ ನಗುತ್ತಿರಲಿಲ್ಲ, ಅದು ಬೇರೆ ಮಾತು.

ಎರಡು ಸಾವಿರದ ಆಸುಪಾಸಿನಲ್ಲಿ ತಿ. ನರಸೀಪುರದಲ್ಲೊಂದು ದೊಡ್ಡ ಮದುವೆಗೆ ವೀಳ್ಯ ಬಂತು. ಮಧ್ಯಾಹ್ನದ ಬಸ್ಸು, ನಂಜನಗೂಡಿನಲ್ಲಿ ಕಾಲಿಡಲು ಜಾಗವಿಲ್ಲ. ಭಾವ ಯಾವಾಗಲೂ ಬುಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಳ್ಳುವವರು. ಆ ದಿನ ನೂಕುನುಗ್ಗಲಲ್ಲಿ ಹೊಟ್ಟೆಗೆ ಪೆಟ್ಟಾದೀತೆಂದು ನಾನೇ ಅವರನ್ನು ಮುಂದಿನ ಬಾಗಿಲಿನಿಂದ ಹತ್ತಿಸಿ, ಬುಟ್ಟಿಯನ್ನೂ ಡೋಲನ್ನೂ ಹಿಡಿದು ಹಿಂದಿನ ಬಾಗಿಲಿಗೆ ಬಂದೆ. ಕಂಡಕ್ಟರ್ ತಡೆದ.

"ಕೋಳಿ ಬುಟ್ಟಿ ಒಳೀಕೆ ಬ್ಯಾಡ, ಮ್ಯಾಕ್ಕೆ ಆಕಿ."

ಬಾಗಿಲಲ್ಲಿ ಅದೇ ಮದುವೆಗೆ ಹೊರಟ ನೆಂಟರಿಷ್ಟರು, ಜರಿ ಸೀರೆ, ಇಸ್ತ್ರಿ ಮಾಡಿದ ಅಂಗಿ. ಅವರೆಲ್ಲ ನನ್ನತ್ತ ತಿರುಗಿದರು. ಇದರಲ್ಲಿ ವಾದ್ಯ ಇದೆ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಈ ಬುಟ್ಟಿಯಿಂದಲೇ ನಾಳೆ ನಿಮ್ಮ ಮದುವೆಗೆ ಸ್ಯಾಕ್ಸೋಫೋನ್ ತೆಗೆಯುತ್ತೇವೆ ಎಂದು ಅವರ ಮುಂದೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಬುಟ್ಟಿಯನ್ನು ಏಣಿಯ ಮೇಲಿದ್ದವನ ಕೈಗೆ ಕೊಟ್ಟೆ. ಅವನು ಬಾಳೆಗೊನೆಗಳ ಮೇಲೆ ಹಾಗೆಯೇ ಇಟ್ಟ, ಹಗ್ಗ ಕಟ್ಟಲಿಲ್ಲ. ಕಟ್ಟು ಎಂದೂ ನಾನು ಹೇಳಲಿಲ್ಲ. ಮುಂದಿನ ಸೀಟಿನಿಂದ ಭಾವ ತಿರುಗಿ, ಎಲ್ಲಿ ಎಂದು ಕಣ್ಣಲ್ಲೇ ಕೇಳಿದರು. ನನ್ನ ಹತ್ತಿರ ಇದೆ ಎಂದು ತಲೆಯಾಡಿಸಿದೆ.

ಬಿಳಿಗೆರೆ ದಾಟಿದ ಮೇಲೆ ಒಂದು ರಸ್ತೆ ಹಂಪಿನಲ್ಲಿ ಬಸ್ಸು ಎಗರಿತು. ಹಿಂದಿನ ಸೀಟಿನ ಹೆಂಗಸು, "ಏನೋ ಬಿತ್ತು ಕಣ್ರೀ" ಎಂದಳು. ಬಸ್ಸು ನಿಂತಾಗ ನಾನು ಇಳಿದು ಓಡಿದೆ. ಬುಟ್ಟಿ ಕಬ್ಬಿನ ಗದ್ದೆಯ ಪಕ್ಕದ ಕಲ್ಲುರಾಶಿಯ ಮೇಲೆ ಬಿದ್ದಿತ್ತು. ಅಗಲದ ಕಡೆಯ ಒಂದು ಮೂಲೆ ಪೂರ್ತಿ ಒಳಕ್ಕೆ ಕುಸಿದಿತ್ತು. ನನಗೆ ಲಾಡಿ ಬಿಚ್ಚುವ ಧೈರ್ಯ ಬರಲಿಲ್ಲ. ಭಾವ ಹೊಟ್ಟೆ ಹಿಡಿದುಕೊಂಡು ನಡೆದು ಬಂದರು, ರಸ್ತೆಯ ಮೇಲೆಯೇ ಕೂತರು, ಮೂರು ಲಾಡಿಯನ್ನೂ ಬಿಚ್ಚಿದರು.

ಅವರು ವಾದ್ಯವನ್ನು ಕಣ್ಣಿನಿಂದ ನೋಡಲೇ ಇಲ್ಲ. ಕತ್ತು ಜೋಡಿಸಿ, ತುಟಿ ಒದ್ದೆ ಮಾಡಿಕೊಂಡು, ಹಿಂದಿನ ಸಲ ಸತ್ತುಹೋಗಿದ್ದ ಅದೇ ಕೆಳಗಿನ ಸ್ವರವನ್ನು ಊದಿದರು. ಅದು ದುಂಡಗೆ, ತುಂಬಿಕೊಂಡು ಬಂತು. ಇನ್ನೊಮ್ಮೆ ಊದಿದರು. ಬಸ್ಸಿನ ಕಿಟಕಿಗಳಲ್ಲಿ ಇದ್ದವರೆಲ್ಲ ಮಾತು ನಿಲ್ಲಿಸಿ ಕೇಳಿದರು. ನಾನು ಕಬ್ಬಿನ ಕಡೆ ಮುಖ ಮಾಡಿ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಬಸ್ಸಿನಲ್ಲಿ ಮತ್ತೆ ಕೂತ ಮೇಲೆ ಭಾವ, "ಮ್ಯಾಕ್ಕೆಂಗೋಯ್ತು?" ಎಂದು ಕೇಳಿದರು. "ಕಂಡಕ್ಟರ್ ಕಿತ್ಕೊಂಡು ಆಕ್ಬುಟ್ಟ" ಎಂದೆ. ಅವರು ಬುಟ್ಟಿಯನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು. ಮದುವೆ ಚೆನ್ನಾಗಿಯೇ ಆಯಿತು. ಆ ಎರಡು ದಿನ ನನ್ನ ಕೈ ತಾಳ ತಪ್ಪಲಿಲ್ಲ, ಆದರೆ ಮನಸ್ಸು ಅಲ್ಲಿರಲಿಲ್ಲ.

ಮುಂದಿನ ವಾರ ಇಬ್ಬರೂ ಮುದುಕಿಯ ಹತ್ತಿರ ಹೋದೆವು. ಭಾವ ಹಣ್ಣು, ಎಲೆ ಅಡಿಕೆ ಅವಳ ಮುಂದಿಟ್ಟು, ಬಸ್ಸಿನ ಮೇಲಿಂದ ಬಿದ್ದರೂ ನಿಮ್ಮಿಂದ ನನ್ನ ವಾದ್ಯ ಉಳಿಯಿತು ಎಂದರು. ಅವಳು ಹಣ್ಣನ್ನು ಪಕ್ಕಕ್ಕೆ ಸರಿಸಿ ಬುಟ್ಟಿಯನ್ನು ಎಳೆದುಕೊಂಡಳು. ಕುಸಿದ ಮೂಲೆಯ ಸೀಳುಗಳನ್ನು ಒಂದೊಂದಾಗಿ ಸವರಿದಳು.

"ಪಾಪ, ಎಣಿಗೆ ಮುರಿದೋಯ್ತು" ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು.

"ಮುರೀಲಿ ಅಂತಾನೇ ಮೂಲೇನ ಸಡ್ಲ ಎಣೆದಿದ್ದು" ಎಂದಳು. "ಇದು ಮೊದ್ಲು ಮುರೀಬೇಕು. ಇದ ಮುರಿದ್ರೆ ನಾನ್ ಇನ್ನೊಂದು ಎಣೀತೀನಿ. ಅದ ಮುರಿದ್ರೆ ಯಾರ್ ಎಣೀತಾರಪ್ಪ?"

ಆಮೇಲೆ ಬುಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. "ಅಗ್ಗ ಉಜ್ಜಿರೋ ಗುರ್ತೇ ಇಲ್ವಲ್ಲ. ಮ್ಯಾಲೆ ಕಟ್ಟಿರ್ನಿಲ್ವಾ? ಯಾರ್ ಕೊಟ್ಟಿದ್ದು ಇದ?"

ಭಾವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ಇನ್ನೊಂದು ಸುಳ್ಳು ಹೇಳಿಬಿಡುತ್ತಿದ್ದೆ. "ನಾನೇ ಕೊಟ್ಟಿದ್ದು" ಎಂದೆ. "ಕಂಡಕ್ಟರ್ ಕಿತ್ಕೊಳ್ನಿಲ್ಲ. ಜನ ನಗ್ತಾರೆ ಅಂತ ನಾನೇ ಎತ್ಕೊಟ್ಟೆ. ಕಟ್ಟಿಸ್ಲೂ ಇಲ್ಲ." ಭಾವನ ಮುಖ ನೋಡಲಾಗದೆ ನೆಲ ನೋಡುತ್ತ ನಿಂತೆ. ಬೈದಿದ್ದರೆ, ಹೊಡೆದಿದ್ದರೆ, ಸಮಾಧಾನವಾಗುತ್ತಿತ್ತು. ಮುದುಕಿ ಮುರಿದ ಸೀಳುಗಳನ್ನು ಕಿತ್ತು, ನೆನೆಸಿದ ಹೊಸ ಸೀಳುಗಳನ್ನು ಒಂದೊಂದಾಗಿ ತೂರಿಸತೊಡಗಿದಳು.

ಬುಟ್ಟಿ ಸರಿಯಾದ ಮೇಲೆ ಭಾವ ಅದರಲ್ಲಿ ಸ್ಯಾಕ್ಸೋಫೋನನ್ನು ಮಲಗಿಸಿ ಲಾಡಿ ಕಟ್ಟಿದರು. ಆ ಸಂಜೆ ಅಲ್ಲಿಂದಲೇ ಒಂದು ಲಗ್ನಪತ್ರಿಕೆ ಶಾಸ್ತ್ರಕ್ಕೆ ನುಡಿಸಲು ಹೋಗಬೇಕಿತ್ತು. ನಾನು ಡೋಲಿಗೆ ಕೈ ಹಾಕುವಷ್ಟರಲ್ಲಿ ಅವರು ಅದನ್ನು ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದ ಹೊಟ್ಟೆ. ಆಮೇಲೆ ಬುಟ್ಟಿಯನ್ನು ತಂದು ನನ್ನ ಎರಡೂ ಕೈಯೊಳಗೆ ಇಟ್ಟರು.

"ನಡಿ, ಬಸ್ಸಿಗೆ ಒತ್ತಾಯ್ತು" ಎಂದು ಮುಂದೆ ಹೊರಟರು. ಒಮ್ಮೆಯೂ ತಿರುಗಿ ನೋಡಲಿಲ್ಲ.