ಬಾಗಿಲು ತೆರೆದಿಟ್ಟು ಮಾಡಿದ ಚಹಾ

ನಮ್ಮ ಅವ್ವ ಚಹಾ ಕಾಸುವ ಮೊದಲು ಬೆಳ್ಳುಳ್ಳಿ ಹುರಿಯುತ್ತಿದ್ದಳು. ಅದರ ವಾಸನೆ ಗ್ಯಾಲರಿಯುದ್ದಕ್ಕೂ ಹರಡಿದ ಮೇಲೆ ಬಾಗಿಲು ಅರ್ಧ ಎಳೆದುಕೊಂಡು ಸ್ಟೋವಿನ ಮೇಲೆ ಚಹಾದ ಪಾತ್ರೆ ಇಡುತ್ತಿದ್ದಳು. ಭಾಂಡುಪ್‌ನ ಆ ಚಾಳಿನ ಒಂಟಿಕೋಣೆ ಮನೆಗಳಲ್ಲಿ ಇದ್ದವರೆಲ್ಲ ನಮ್ಮ ಕ್ರೈಸ್ತ ಸಭೆಯವರೇ, ಮತ್ತು ಆ ಸಭೆಯ ಪ್ರಕಾರ ಚಹಾ ಕುಡಿಯುವುದು ಪಾಪ. ಇವರ ಮನೆಯಲ್ಲಿ ಬೆಳ್ಳಂಬೆಳಗ್ಗೆ ಅದೇನು ಒಗ್ಗರಣೆಯೋ ಎಂದು ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ಅದು ಐವತ್ತರ ದಶಕ. ಅಪ್ಪ ಧಾರವಾಡದ ಕಡೆಯಿಂದ ಮುಂಬಯಿಗೆ ಕಾರ್ಖಾನೆ ಕೆಲಸಕ್ಕೆ ಬಂದವರು. ನಾವು ಅಜ್ಜನ ಕಾಲದಿಂದಲೇ ಕ್ರೈಸ್ತರು, ಆದರೆ ಈ ಸಭೆಯವರಲ್ಲ. ಅಮೆರಿಕದಲ್ಲಿ ಹುಟ್ಟಿದ ಈ ಸಣ್ಣ ಸಭೆಗೆ ಭಾಂಡುಪ್‌ನಲ್ಲಿ ಒಂದು ಚಾಳಿತ್ತು. ಸೇರಿದವರಿಗೆ ಇರಲು ಒಂದು ಖೋಲಿ ಸಿಗುತ್ತಿತ್ತು. ಅಪ್ಪ ಸೇರಿದರು. ಸಭೆಯ ಪಾದ್ರಿ, ಎಲ್ಲರೂ ಅಯ್ನೋರು ಅನ್ನುತ್ತಿದ್ದವರು, ನಮ್ಮ ಸೀಮೆಯವರೇ, ನಮ್ಮ ಮಾತೇ ಆಡುವವರು. ಅದೇ ಅಪ್ಪನಿಗೆ ದೊಡ್ಡ ಸಮಾಧಾನ.

ಚಾಳಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಎಲ್ಲರ ಬಾಗಿಲೂ ತೆರೆದೇ ಇರುತ್ತಿತ್ತು. ಯಾರ ಮನೆಯಲ್ಲಿ ಏನು ಸಾರು, ಯಾರ ಗಂಡ ಮುನಿಸಿಕೊಂಡಿದ್ದಾನೆ, ಎಲ್ಲ ನಡೆಯುತ್ತಾ ನೋಡಿಕೊಂಡು ಹೋಗಬಹುದಿತ್ತು. ಮುಚ್ಚುತ್ತಿದ್ದ ಬಾಗಿಲು ಒಂದೇ. ಗ್ಯಾಲರಿಯ ಕೊನೆಗಿದ್ದ ಅಯ್ನೋರ ಕೋಣೆ. ಶನಿವಾರ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಚಿಲಕ ಹಾಕಿ, ಅವರು ವಿಚಾರಣೆ ಮಾಡುತ್ತಿದ್ದರು. ಮನಸ್ಸು ಶುದ್ಧವಿದ್ದ ಮಕ್ಕಳಿಗೆ ಮಾತ್ರ ಭಾನುವಾರ ಪ್ರಭುಭೋಜನದ ರೊಟ್ಟಿಯ ತುಣುಕು.

ಮೊದಮೊದಲು ನನಗೆ ಅದೊಂದು ಆಟವೇ ಆಗಿತ್ತು.

"ಮನ್ಯಾಗ ಚಾ ಮಾಡ್ತಾರೇನು?" ಎಂದು ಕೇಳಿದರೆ, "ಕನಸಿನ್ಯಾಗ ಕುಡದೇನ್ರೀ ಅಯ್ನೋರ" ಅನ್ನುತ್ತಿದ್ದೆ.

"ಸಕ್ಕರಿ ಹಾಕಿದ್ದರೇನು ಕನಸಿನ್ಯಾಗ?"

"ಕಡಿಮಿ ಇತ್ರಿ."

ಸುಳ್ಳು ಹೇಳಿದರೆ ನರಕ, ನಿಜ ಹೇಳಿದರೆ ಅವ್ವನಿಗೆ ಸಭೆಯೆದುರು ಛೀಮಾರಿ. ಅದಕ್ಕೇ ಕನಸು ಕಂಡುಹಿಡಿದಿದ್ದೆ.

ನನಗೆ ಹತ್ತು ತುಂಬಿದ ಮೇಲೆ ಪ್ರಶ್ನೆಗಳು ಬದಲಾದವು. ಚಹಾ ಬಿಟ್ಟು ನನ್ನ ಮೈಯ ಕಡೆಗೆ ಬಂದವು. ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿಕೊಟ್ಟಿದ್ದಾಳೆ, ಹೊಸ ಹುಮ್ಮಸ್ಸಿನಲ್ಲಿ ಏನೇನೋ ಒತ್ತುತ್ತೇನೆ, ಆದರೆ ಆ ಪ್ರಶ್ನೆಗಳನ್ನು ಮಾತ್ರ ಒತ್ತುವುದಿಲ್ಲ. ಆ ವಯಸ್ಸಿನ ಹುಡುಗಿಯನ್ನು ಯಾವ ಗಂಡಸೂ ಕೇಳಬಾರದವು. ಕನಸಿನ ಉಪಾಯ ಅಲ್ಲಿ ನಡೆಯಲಿಲ್ಲ. ನಾನು ತಲೆ ತಗ್ಗಿಸಿ ಬಾಗಿಲ ಕೆಳಗಿನ ಸಂದನ್ನೇ ನೋಡುತ್ತಿದ್ದೆ. ಗ್ಯಾಲರಿಯಲ್ಲಿ ಹೋಗುವವರ ಪಾದಗಳು ಕಾಣುತ್ತಿದ್ದವು. ಯಾವುವೂ ನಿಲ್ಲುತ್ತಿರಲಿಲ್ಲ.

ಶನಿವಾರ ಬಂದರೆ ಹೊಟ್ಟೆನೋವು ಬರತೊಡಗಿತು. ಅವ್ವ ಅಜವಾನ ಅಗಿಸಿದಳು, ಬಿಸಿನೀರು ಕುಡಿಸಿದಳು, ಕೊನೆಗೆ ಸೋಗು ಎಂದು ಬೈದು ಕಳಿಸಿದಳು. ಹೇಳೋಣವೆಂದರೆ ಹೇಳುವ ಮಾತುಗಳೇ ನನ್ನ ಹತ್ತಿರ ಇರಲಿಲ್ಲ. ಹೇಳಿದರೂ ಯಾರ ಮುಂದೆ? ಪಕ್ಕದ ಖೋಲಿ ಸಭೆಯದು, ಮೇಲಿನದು ಸಭೆಯದು, ನಲ್ಲಿ ಸಭೆಯದು.

ಆಗ ನನ್ನ ತಂಗಿಯ ಸರದಿ ಬಂತು. ಅವಳಿಗೆ ಇನ್ನೂ ಮುಂದಿನ ಹಲ್ಲು ಬಂದಿರಲಿಲ್ಲ. ಅವ್ವ ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು.

"ಅವ್ವಾ, ಆಕಿ ಬ್ಯಾಡ," ಎಂದೆ. "ಆಕಿ ಬದಲಿ ನಾ ಎರಡು ಸಲ ಹೋಗ್ತೇನಿ."

ಅವ್ವನ ಕೈ ಜಡೆಯಲ್ಲೇ ನಿಂತಿತು. ಮನೆಕೆಲಸವೆಂದರೆ ನೆಪ ಹೇಳಿ ತಪ್ಪಿಸಿಕೊಳ್ಳುವ ಹುಡುಗಿ ನಾನು, ಅಂಥವಳು ಎರಡು ಸಲ ಹೋಗುತ್ತೇನೆ ಅಂದಿದ್ದೆ. ಅವಳು ನನ್ನ ಮುಖವನ್ನು ನೋಡಿದಳು.  ಜಡೆ ಮುಗಿಸಿ, ಒಂದು ಕೈಯಲ್ಲಿ ತಂಗಿಯನ್ನೂ ಇನ್ನೊಂದು ಕೈಯಲ್ಲಿ ಅಕ್ಕಿ ಹಾಕಿದ ಮೊರವನ್ನೂ ಹಿಡಿದು ಹೊರಟಳು. ನಾನು ಹಿಂದೆ ಓಡಿದೆ.

ಅವ್ವ ಅಯ್ನೋರ ಕೋಣೆಯ ಹೊಸ್ತಿಲ ಮೇಲೆ ಕೂತು ಕಲ್ಲು ಆರಿಸತೊಡಗಿದಳು. ರೇಷನ್ ಅಕ್ಕಿಯಲ್ಲಿ ಕಲ್ಲಿಗೇನು ಕಡಿಮೆ.

"ಕೇಳ್ರಿ ಅಯ್ನೋರ, ಏನು ಕೇಳೂದೈತಿ."

"ಹೊಸ್ತಲಾ ಬಿಡವಾ. ಬಾಗಲಾ ಹಾಕಬೇಕು."

"ಹಾಕಬ್ಯಾಡ್ರಿ. ನಾ ಇಲ್ಲೇ ಕುಂದರ್ತೇನಿ."

"ಇದು ದೇವರ ವಿಚಾರ ಅದ."

"ದೇವರ ವಿಚಾರಾದ್ರ ನಾಕು ಮಂದಿ ಕೇಳಿದ್ರ ಏನಾತ್ರಿ?"

"ನಂಬಿಕಿ ಇಲ್ಲೇನು ನಿನಗ?"

"ದೇವರ ಮ್ಯಾಲ ಐತ್ರಿ. ಈ ಚಿಲಕದ ಮ್ಯಾಲ ಇಲ್ಲ."

ಅಯ್ನೋರು ಅವತ್ತು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅಪ್ಪ ಕಾರ್ಖಾನೆಯಿಂದ ಬರುವಷ್ಟರಲ್ಲಿ ಸುದ್ದಿ ಅವರಿಗೆ ಮುಟ್ಟಿತ್ತು. ಸಭೆಯ ಮಾತು ಮೀರಿದವರು ಖೋಲಿ ಖಾಲಿ ಮಾಡಬೇಕು.

"ಮುಂಬಯಿದಾಗ ಖೋಲಿ ಬಿಟ್ಟು ಎಲ್ಲಿ ಹೋಗೂದು? ನಿನಗ ಗೊತ್ತೈತೇನು?" ಅಪ್ಪ ತಲೆ ಹಿಡಿದುಕೊಂಡು ಕೂತರು.

"ಇಲ್ಲೇ ಇದ್ರ ಈ ಹುಡುಗ್ಯಾರು ಎಲ್ಲಿ ಹೋಗಬೇಕು? ಅದನ್ನ ಹೇಳ್ರಿ ಮೊದಲ."

ಅಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಮರುದಿನದಿಂದ ಕೆಲಸ ಬಿಟ್ಟೊಡನೆ ಲೋಕಲ್ ರೈಲು ಹಿಡಿದು ಖೋಲಿ ಹುಡುಕಲು ಹೊರಟರು. ಖೋಲಿ ಬೇಗ ಸಿಗಲಿಲ್ಲ. ಆ ದಿನಗಳೇ ಅತಿ ಕೆಟ್ಟವು. ಬಿಟ್ಟ ಸಭೆಯ ನಡುವೆಯೇ ಬದುಕುವುದು. ಅವ್ವ ನಲ್ಲಿಗೆ ಹೋದರೆ ಮಾತು ನಿಲ್ಲುತ್ತಿತ್ತು. "ನಿಮ್ಮ ಹುಡುಗ್ಯಾರನ್ನೂ ಒಬ್ಬೊಬ್ಬರನ್ನ ಕಳಸಬ್ಯಾಡ್ರಿ" ಎಂದು ಅವಳು ಒಬ್ಬೊಬ್ಬ ತಾಯಿಗೂ ಹೇಳಿದಳು. ಅವರು ಕೊಡ ತುಂಬುವುದನ್ನೇ ನೋಡುತ್ತಿದ್ದರು. ಅವರಿಗೂ ಖೋಲಿ ಬೇಕಿತ್ತು. ನನ್ನ ಜೊತೆ ಕುಂಟಬಿಲ್ಲೆ ಆಡುತ್ತಿದ್ದ ಹುಡುಗಿಯರು ನಮ್ಮ ಬಾಗಿಲ ಮುಂದೆ ಓಡಿ ದಾಟುತ್ತಿದ್ದರು.

ಒಂದು ಬೆಳಿಗ್ಗೆ ಅವ್ವ ಬೆಳ್ಳುಳ್ಳಿ ಹುರಿಯಲಿಲ್ಲ. ಬಾಗಿಲು ಪೂರ್ತಿ ತೆರೆದು, ಸ್ಟೋವನ್ನು ಹೊಸ್ತಿಲ ಹತ್ತಿರ ತಂದಿಟ್ಟು, ಶುಂಠಿ ಜಜ್ಜಿ ಹಾಕಿ ಚಹಾ ಮಾಡಿದಳು. ನನಗೂ ತಂಗಿಗೂ ಬಸಿಯಲ್ಲಿ ಹಾಕಿ ಕೊಟ್ಟಳು. ಸಕ್ಕರೆ ನಿಜಕ್ಕೂ ಕಡಿಮೆಯೇ ಇತ್ತು.

ಗ್ಯಾಲರಿಯ ಕೊನೆಯಿಂದ ಅಯ್ನೋರ ಹೆಂಡತಿ ಬಂದರು. ಬೈಯಲು ಬಂದರು ಅಂದುಕೊಂಡೆ. ಅವರು ಬಾಗಿಲಲ್ಲಿ ನಿಂತರು. ಅವ್ವ ಒಂದು ಕಪ್ಪು ಮುಂದೆ ಹಿಡಿದಳು. ನಿಂತೇ ಕುಡಿದರು, ತಮ್ಮ ಕೋಣೆಯ ಕಡೆ ನೋಡುತ್ತಾ.

"ಲಗೂನ ಹೋಗ್ರಿ ಇಲ್ಲಿಂದ," ಎಂದರು.

"ನಿಮಗ ಗೊತ್ತಿತ್ತೇನ್ರಿ ಅಮ್ಮಾರ?" ಅವ್ವ ಕೇಳಿದಳು.

ಅವರು ಕಪ್ಪನ್ನು ತಾವೇ ತೊಳೆದು ಬೋರಲು ಹಾಕಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು, ವಾಸನೆ ಉಳಿಯದ ಹಾಗೆ ಎರಡೆರಡು ಸಲ. ಆಮೇಲೆ ನಮ್ಮ ಒಗ್ಗರಣೆ ಡಬ್ಬಿಯಿಂದ ಒಂದು ಎಸಳು ಬೆಳ್ಳುಳ್ಳಿ ತೆಗೆದು ಬಾಯಿಗೆ ಹಾಕಿಕೊಂಡು, ಅಗಿಯುತ್ತಾ ವಾಪಸು ನಡೆದರು. ಅವತ್ತು ಶನಿವಾರ. ಆ ಬಾಗಿಲ ಹೊರಗೆ ಮೂರ್ನಾಲ್ಕು ಮಕ್ಕಳು ಆಗಲೇ ಸಾಲಾಗಿ ಕೂತಿದ್ದವು.